ಕಾರ್ಡಿಗೂ ಪರೀಕ್ಷೆ, ಕಾರ್ಡಿಗೂ ಅಂಕ

ಮಕ್ಕಳೇ, ಈ ವಾರ ಪರೀಕ್ಷೆ ನಿಮಗಲ್ಲ, ನಿಮ್ಮ ಕಾರ್ಡುಗಳಿಗೆ. ಪೋಕೆಮಾನ್ ಕಾರ್ಡು, ಕ್ರಿಕೆಟ್ ಕಾರ್ಡು ಎಂದು ಡಬ್ಬಿ ತುಂಬಾ ಕೂಡಿಟ್ಟಿರುತ್ತೀರಲ್ಲ, ಅವನ್ನು ನೋಡಿ 1ರಿಂದ 10ರವರೆಗೆ ಅಂಕ ಕೊಡುವ ಕಂಪನಿಗಳಿವೆ. ಅಜ್ಜ-ಅಜ್ಜಿಯರೇ, "ಏನು ಕಾಲ ಬಂತಪ್ಪಾ!" ಎನ್ನಬೇಡಿ. ನೀವು ಅಂಚೆಚೀಟಿ ಕೂಡಿಡುತ್ತಿದ್ದ ಕಾಲದಲ್ಲೂ ಅಂಚಿನ ಹಲ್ಲು ಮುರಿದ ಚೀಟಿಗೆ ಬೆಲೆ ಕಡಿಮೆಯೇ ಇತ್ತು.

ಇಂಥ ಕಂಪನಿಗಳಲ್ಲಿ ಹೆಸರಾದದ್ದು ಅಮೆರಿಕದ ಪಿಎಸ್‌ಎ. 1991ರಲ್ಲಿ ಶುರುವಾಯಿತು. ಬಂದ ಕಾರ್ಡು ಅಸಲಿಯೇ ಎಂದು ನೋಡುತ್ತಾರೆ, ಎಷ್ಟು ಚೆನ್ನಾಗಿ ಉಳಿದಿದೆ ಎಂದು ನೋಡುತ್ತಾರೆ. ಆಮೇಲೆ ಅಂಕ ಬರೆದ ಚೀಟಿಯ ಜೊತೆ ಗಟ್ಟಿ ಪ್ಲಾಸ್ಟಿಕ್ ಕವಚದೊಳಗೆ ಸೀಲು ಮಾಡಿ ವಾಪಸು ಕಳಿಸುತ್ತಾರೆ. ಆ ಕವಚಕ್ಕೆ 'ಸ್ಲ್ಯಾಬ್' ಎಂದು ಹೆಸರು.

ನಮ್ಮ ಬಾಪೂಜಿ ನಗರದಲ್ಲಿ ಎದುರು ಮನೆಯ ಏಳನೇ ಕ್ಲಾಸಿನ ಹುಡುಗ ಹೋದ ತಿಂಗಳು ಹೊಳೆಯುವ ಪಿಕಾಚು ಕಾರ್ಡು ಹಿಡಿದುಕೊಂಡು ಬಂದ. ಅದನ್ನು ಅಮೆರಿಕಕ್ಕೆ ಕಳಿಸುವ ಖರ್ಚನ್ನು ಅವನ ಅಜ್ಜಿ ತಮ್ಮ ಪಿಂಚಣಿಯಿಂದ ಕೊಡಲು ಒಪ್ಪಿದ್ದರು. "ತಾತ, ನೀವು ಪೇಪರ್ ಓದೋ ಭೂತಗನ್ನಡಿ ಕೊಡ್ತೀರಾ?" ಎಂದ. ಕೊಡುವುದೇನು, ನಾನೂ ಅವರ ಮನೆಗೇ ಹೋಗಿ ಕೂತೆ.

ಮೈಸೂರು ರಸ್ತೆಯ ಧೂಳು ನಮ್ಮ ಮನೆಗಳಿಗೆ ದಿನದ ನೆಂಟ. ಅದಕ್ಕೇ ಮೊದಲು ಮೇಜು ಒರೆಸಿ ಮೆತ್ತನೆ ಬಟ್ಟೆ ಹಾಸಿದೆವು. ಕೈ ತೊಳೆದು, ಪೂರ್ತಿ ಒಣಗಿಸಿಕೊಂಡು, ಕಾರ್ಡನ್ನು ಅಂಚಿನಲ್ಲಷ್ಟೇ ಹಿಡಿದೆವು. ಕೋಡುಬಳೆ ತಟ್ಟೆಯನ್ನು ಅಜ್ಜಿ ಮೊದಲೇ ಅಡುಗೆಮನೆಗೆ ಸಾಗಿಸಿದ್ದರು. ಎಣ್ಣೆ ಬೆರಳಿನ ಗುರುತು ಬಿದ್ದರೆ ಕೆಲಸ ಕೆಟ್ಟಿತು.

ನೋಡಬೇಕಾದದ್ದು ನಾಲ್ಕು. ಮೊದಲನೆಯದು, ಚಿತ್ರ ಸರಿಯಾಗಿ ನಡುವೆ ಇದೆಯೇ? ಚಿತ್ರದ ಸುತ್ತಲಿನ ಪಟ್ಟಿಯನ್ನು ಸ್ಕೇಲಿನಿಂದ ಅಳೆಯಿರಿ, ಆದರೆ ಸ್ಕೇಲು ಕಾರ್ಡಿಗೆ ಉಜ್ಜಬಾರದು. ಎಡಗಡೆ 3 ಮಿ.ಮೀ., ಬಲಗಡೆ 2 ಮಿ.ಮೀ. ಇದ್ದರೆ ಒಟ್ಟು 5. ಶೇಕಡಾ ಲೆಕ್ಕ ಹಾಕಿದರೆ 60-40. ಇದು 50-50ಕ್ಕೆ ಹತ್ತಿರವಾದಷ್ಟೂ ಒಳ್ಳೆಯದು. ಎರಡನೆಯದು ಮೂಲೆಗಳು: ನಾಲ್ಕೂ ಒಂದೇ ಥರ ಇವೆಯೇ, ಎಲ್ಲಾದರೂ ಮಡಚಿದೆಯೇ? ಮೂರನೆಯದು ಅಂಚು: ಪೋಕೆಮಾನ್ ಕಾರ್ಡಿನ ಹಿಂಬದಿ ನೀಲಿಯಾದ್ದರಿಂದ ಬಣ್ಣ ಕಿತ್ತ ಕಡೆ ಬಿಳಿ ಚುಕ್ಕಿ ಎದ್ದು ಕಾಣುತ್ತದೆ. ನಾಲ್ಕನೆಯದು ಮೈ: ದೀಪವನ್ನು ಓರೆಯಾಗಿ ಹಿಡಿದು ಕಾರ್ಡನ್ನು ನಿಧಾನ ವಾಲಿಸಿದರೆ ನೇರ ಬೆಳಕಿನಲ್ಲಿ ಕಾಣದ ಗೀರೂ ಕಾಣುತ್ತದೆ.

ಪಿಕಾಚು ಮೂರರಲ್ಲಿ ಪಾಸಾಯಿತು. ಆದರೆ ಹಿಂಬದಿಯ ಒಂದು ಮೂಲೆಯಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕ ಬಿಳಿ ಗುರುತು. ಹುಡುಗನ ಮುಖ ಬಾಡಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, ಪೆನ್ಸಿಲ್ ಬಾಕ್ಸಿನಿಂದ ನೀಲಿ ಮಾರ್ಕರ್ ತೆಗೆದ. "ಇಷ್ಟೇ ಇಷ್ಟು ಹಚ್ಚಿದ್ರೆ ಯಾರಿಗೆ ಗೊತ್ತಾಗತ್ತೆ ತಾತ?" ಅಜ್ಜಿ ನನ್ನ ಮುಖ ನೋಡಿದರು.

ನಾನು ಅವನಿಗೊಂದು ನಡೆದ ಕಥೆ ಹೇಳಿದೆ. ನೀವೂ ಕೇಳಿ. ಹೋನಸ್ ವ್ಯಾಗ್ನರ್ ಎಂಬಾತ ಅಮೆರಿಕದ ದೊಡ್ಡ ಬೇಸ್‌ಬಾಲ್ ಆಟಗಾರ. 1909ರ ಹೊತ್ತಿಗೆ ಸಿಗರೇಟು ಪ್ಯಾಕಿನ ಜೊತೆ ಬರುತ್ತಿದ್ದ ಅವನ ಕಾರ್ಡು ಬೇಗ ನಿಂತುಹೋಯಿತು, ಉಳಿದಿರುವವು ತೀರಾ ಕಡಿಮೆ. ಅವುಗಳಲ್ಲಿ ಒಂದನ್ನು 1991ರಲ್ಲಿ ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಜ್ಕಿ ಮತ್ತು ಅವನ ಪಾಲುದಾರ 4,51,000 ಡಾಲರಿಗೆ ಕೊಂಡರು. ಪಿಎಸ್‌ಎ ಅಂಕ ಕೊಟ್ಟ ಮೊಟ್ಟಮೊದಲ ಕಾರ್ಡು ಅದೇ. ಸಿಕ್ಕಿದ್ದು 8 ಅಂಕ. 2007ರಲ್ಲಿ ಅದು 28 ಲಕ್ಷ ಡಾಲರಿಗೆ ಮಾರಾಟವಾಯಿತು. ಇಷ್ಟು ಹಳೆಯ ಕಾರ್ಡಿನ ಅಂಚು ಅಷ್ಟು ನೇರವಾಗಿರುವುದು ಹೇಗೆ ಎಂದು ಕೆಲವರಿಗೆ ಅನುಮಾನವಿತ್ತು. 2013ರಲ್ಲಿ, ಹಿಂದೆ ಅದನ್ನು ಮಾರಿದ್ದ ಬಿಲ್ ಮಾಸ್ಟ್ರೋ ನ್ಯಾಯಾಲಯದಲ್ಲಿ ಒಪ್ಪಿಕೊಂಡ: ಅಂಚನ್ನು ಕತ್ತರಿಸಿದ್ದು ತಾನೇ! ಇಂದಿಗೂ ಆ ಕಾರ್ಡಿನ ಹೆಸರೆತ್ತಿದರೆ ಆ ಕತ್ತರಿಯ ಮಾತೂ ಬರುತ್ತದೆ.

ಹುಡುಗ ಮಾರ್ಕರಿಗೆ ಮುಚ್ಚಳ ಹಾಕಿದ. "ಇದು ಬೇಡ ಅಜ್ಜಿ, ನಿನ್ ದುಡ್ಡು ಇಟ್ಕೋ" ಎಂದ. ಅಜ್ಜಿ, "ಡಬ್ಬಿ ತುಂಬಾ ಇದೆಯಲ್ಲೋ, ಬೇರೇದು ನೋಡು" ಎಂದರು.

ಕಾರ್ಡು ಸಿದ್ಧ ಮಾಡುವುದೆಂದರೆ ಇಷ್ಟೇ ಮಕ್ಕಳೇ: ಏನನ್ನೂ ಸೇರಿಸಬಾರದು, ಏನನ್ನೂ ತೆಗೆಯಬಾರದು. ಧೂಳನ್ನು ಮೆತ್ತಗೆ ಗಾಳಿಯಿಂದ ಹಾರಿಸಬಹುದು. ನೀರು, ಸ್ಪಿರಿಟ್, ರಬ್ಬರ್, ಬಣ್ಣ, ಕತ್ತರಿ ಯಾವುದೂ ಕೂಡದು. ಬಣ್ಣ ಹಚ್ಚಿದ್ದು, ಕತ್ತರಿಸಿದ್ದು ಪತ್ತೆಯಾದರೆ ಕಾರ್ಡಿಗೆ ಅಂಕವನ್ನೇ ಕೊಡುವುದಿಲ್ಲ.

ಇನ್ನು ಖರ್ಚು. ಅಂಕದ ಶುಲ್ಕ, ಹೋಗಿಬರುವ ಕೊರಿಯರ್, ಸುಂಕ ಎಲ್ಲ ಸೇರಿದರೆ ಸಾವಿರಗಳ ಲೆಕ್ಕ. ಇನ್ನೂರು ರೂಪಾಯಿಯ ಕಾರ್ಡನ್ನು ಕಳಿಸುವುದು ಎಮ್ಮೆಗಿಂತ ಹಗ್ಗಕ್ಕೇ ಹೆಚ್ಚು ದುಡ್ಡು ಕೊಟ್ಟಂತೆ. ಆ ಲೆಕ್ಕವನ್ನೂ ದಾಟಿ ಉಳಿದದ್ದು ಡಬ್ಬಿಯಲ್ಲಿ ಒಂದೇ ಒಂದು ಕಾರ್ಡು.

ಅದನ್ನು ಮೆತ್ತನೆಯ ತೆಳು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆ ಚೀಲವನ್ನು ಸ್ವಲ್ಪ ಬಾಗುವಂಥ ದಪ್ಪ ಪ್ಲಾಸ್ಟಿಕ್ ಕವರಿನೊಳಗೆ ಇಳಿಸಿದೆವು. ತೀರಾ ಗಟ್ಟಿ ಕವರಾದರೆ ಹೊರತೆಗೆಯುವಾಗ ಮೂಲೆಗೆ ಪೆಟ್ಟಾದೀತು. ಆಮೇಲೆ ಎರಡು ರಟ್ಟಿನ ತುಂಡುಗಳ ನಡುವೆ ಇಟ್ಟು, ಬಿಗಿಯಾಗದಂತೆ ರಬ್ಬರ್ ಬ್ಯಾಂಡ್ ಹಾಕಿದೆವು. ಫಲಿತಾಂಶ ಇನ್ನೂ ಬರಬೇಕು.

ಮನೆಯಲ್ಲೇ ಉಳಿಯುವ ಕಾರ್ಡುಗಳಿಗೂ ಆರೈಕೆ ಬೇಕು. ಮಳೆಗಾಲದಲ್ಲಿ ಹೊಳೆಯುವ ಕಾರ್ಡು ಬಾಗುವುದನ್ನು ನೋಡಿದ್ದೀರಾ? ಅದರ ಕಾಗದ ತೇವ ಹೀರಿ ಹಿಗ್ಗುತ್ತದೆ, ಮೇಲಿನ ಹೊಳಪು ಹಾಳೆ ಹಿಗ್ಗುವುದಿಲ್ಲ. ಹೊಸ ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣವನ್ನು ಕಾರ್ಡಿನ ಡಬ್ಬಿಗೆ ಹಾಕಿಡಿ. ಅದನ್ನು ಪುಟ್ಟ ತಮ್ಮ-ತಂಗಿಯರ ಬಾಯಿಗೆ ಸಿಗದಂತೆ ಇಡಿ.

ಕೊನೆಗೊಂದು ಮಾತು. ಅಂಚೆಚೀಟಿಗಳ ಅಂತರರಾಷ್ಟ್ರೀಯ ಪ್ರದರ್ಶನಗಳ ಸಾಂಪ್ರದಾಯಿಕ ವಿಭಾಗದಲ್ಲಿ 100 ಅಂಕದಲ್ಲಿ ಚೀಟಿಯ ಸ್ಥಿತಿಗೆ 10, ಕೂಡಿಟ್ಟವರ ತಿಳಿವಳಿಕೆ ಮತ್ತು ಅಧ್ಯಯನಕ್ಕೆ 35. ಸ್ಲ್ಯಾಬಿನ ಮೇಲಿನ ಅಂಕ ಕಾರ್ಡಿನದು ಮಾತ್ರ. ನಿಮ್ಮ ಅಂಕ ನಿಮಗೆ ಗೊತ್ತಿರುವುದರಲ್ಲಿದೆ. ಈ ಭಾನುವಾರ ಹತ್ತು ಕಾರ್ಡು ಆರಿಸಿ, ಅಜ್ಜ ಒಂದು ಕಡೆ, ಮೊಮ್ಮಗಳು ಒಂದು ಕಡೆ, ಒಬ್ಬರದು ಒಬ್ಬರು ನೋಡದೆ ಅಂಕ ಬರೆಯಿರಿ. ಎಲ್ಲಿ ವ್ಯತ್ಯಾಸ ಬಂತೋ ಅಲ್ಲಿ ಭೂತಗನ್ನಡಿ ಹಿಡಿದು ಮತ್ತೊಮ್ಮೆ ನೋಡಿ.