ಬೆಂಕಿಗಿಲ್ಲದ ಷರತ್ತು ಅನುದಾನಕ್ಕೆ: ಹೊರವಲಯದ ಅಗ್ನಿ ಸುರಕ್ಷೆ ಯಾರ ಪಾಲು?

ಬೆಂಗಳೂರು: 2023ರ ಅಕ್ಟೋಬರ್ 7, ಶನಿವಾರ. ದೀಪಾವಳಿ ವ್ಯಾಪಾರಕ್ಕೆ ಸಿದ್ಧವಾಗುತ್ತಿದ್ದ ಅತ್ತಿಬೆಲೆಯ ಪಟಾಕಿ ಮಳಿಗೆಯೊಂದರಲ್ಲಿ ಬೆಂಕಿ ಹೊತ್ತಿಕೊಂಡಿತು. ಮೊದಲ ದಿನಗಳ ಲೆಕ್ಕದಲ್ಲೇ 14 ಮಂದಿ ಪ್ರಾಣ ಕಳೆದುಕೊಂಡಿದ್ದರು. ಅವರಲ್ಲಿ ಹೆಚ್ಚಿನವರು ಹಬ್ಬದ ಹಂಗಾಮಿನ ಕೂಲಿಗೆಂದು ತಮಿಳುನಾಡಿನಿಂದ ಬಂದಿದ್ದ ಯುವಕರು. ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ಥಳಕ್ಕೆ ಭೇಟಿ ನೀಡಿದರು, ಮೃತರ ಕುಟುಂಬಗಳಿಗೆ ತಲಾ 5 ಲಕ್ಷ ರೂ. ಪರಿಹಾರ ಘೋಷಣೆಯಾಯಿತು, ತನಿಖೆ ಸಿಐಡಿಗೆ ಹೋಯಿತು.

ಸತ್ತ ಮೇಲೆ ಕೊಡುವ ಆ ಹಣಕ್ಕೆ ‘ನಿಮ್ಮ ಪಾಲು ಎಷ್ಟು ತರುತ್ತೀರಿ?’ ಎಂದು ಯಾರೂ ಕೇಳಲಿಲ್ಲ, ಕೇಳಲೂಬಾರದು. ಆದರೆ ಸಾವನ್ನು ತಡೆಯಬಲ್ಲ ವ್ಯವಸ್ಥೆಗೆ ಹಣ ಬಿಡುಗಡೆಯಾಗುವಾಗ ಮಾತ್ರ ಆ ಪ್ರಶ್ನೆ ಮುಂಬಾಗಿಲಲ್ಲೇ ಎದುರಾಗುತ್ತದೆ. ಸರಕಾರಿ ಭಾಷೆಯಲ್ಲಿ ಇದಕ್ಕೆ ‘ಮ್ಯಾಚಿಂಗ್ ಗ್ರಾಂಟ್’ ಎಂದು ಹೆಸರು. ನೀವು ಇಷ್ಟು ಹಾಕಿ, ನಾವು ಅಷ್ಟು ಸೇರಿಸುತ್ತೇವೆ ಎಂಬುದು ಅದರ ಸೂತ್ರ. ಕೇಳುವುದಕ್ಕೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಎಂಬ ಮೂರು ಬೇರೆ ಬೇರೆ ಲೋಕಗಳಿಗೆ ಇದೇ ಸೂತ್ರವನ್ನು ಒಂದೇ ಅಳತೆಯಲ್ಲಿ ಅನ್ವಯಿಸಿದರೆ ಫಲಿತಾಂಶ ಏನಾದೀತು ಎಂಬುದು ಯೋಚಿಸಬೇಕಾದ ವಿಷಯ.

ದಿಲ್ಲಿಯ 5,000 ಕೋಟಿ

ರಾಜ್ಯಗಳ ಅಗ್ನಿಶಾಮಕ ಸೇವೆಗಳ ವಿಸ್ತರಣೆ ಮತ್ತು ಆಧುನೀಕರಣಕ್ಕೆ 5,000 ಕೋಟಿ ರೂ.ಗಳ ಯೋಜನೆಯನ್ನು ಕೇಂದ್ರ ಗೃಹ ಸಚಿವಾಲಯ 2023ರ ಜುಲೈನಲ್ಲಿ ಆರಂಭಿಸಿತು. ಹದಿನೈದನೇ ಹಣಕಾಸು ಆಯೋಗದ ಶಿಫಾರಸಿನಂತೆ ರಾಷ್ಟ್ರೀಯ ವಿಪತ್ತು ಸ್ಪಂದನ ನಿಧಿಯ ‘ಸನ್ನದ್ಧತೆ ಮತ್ತು ಸಾಮರ್ಥ್ಯ ವೃದ್ಧಿ’ ಬಾಬ್ತಿನಿಂದ ಈ ಹಣ ಒದಗಿಸಲಾಯಿತು. ಆಯೋಗದ ಅವಧಿ 2021-22ರಿಂದ 2025-26ರವರೆಗಿನದು. ಅದರಲ್ಲಿ ಎರಡು ವರ್ಷಗಳು ಕಳೆದ ಮೇಲೆ ಯೋಜನೆ ಹೊರಬಂತೆಂಬುದನ್ನು ಇಲ್ಲಿ ಗಮನಿಸಬೇಕು.

ಷರತ್ತು ಸರಳ. ಯಾವುದೇ ರಾಜ್ಯ ಈ ಹಣ ಪಡೆಯಬೇಕಾದರೆ ಯೋಜನಾ ವೆಚ್ಚದ ಶೇ. 25ರಷ್ಟನ್ನು ತನ್ನ ಬಜೆಟ್‌ನಿಂದ ಹಾಕಬೇಕು. ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಿಗೆ ಮಾತ್ರ ಶೇ. 10. ಅಂದರೆ, ಎಲ್ಲರ ಜೇಬೂ ಒಂದೇ ಅಳತೆಯದಲ್ಲ ಎಂಬ ಸತ್ಯವನ್ನು ಕೇಂದ್ರವೇ ಒಪ್ಪಿಕೊಂಡು ಎರಡು ದರ ನಿಗದಿ ಮಾಡಿದೆ. ಇದೇ ವಿವೇಕ ರಾಜ್ಯದ ಒಳಗೆ, ಒಂದು ನಗರದ ಒಳಗೆ ಏಕೆ ಇರಬಾರದು?

ಇನ್ನೊಂದು ಮಾತು. ಈ ಯೋಜನೆಯ ಕಣ್ಣಿರುವುದು ಸರಕಾರಿ ಅಗ್ನಿಶಾಮಕ ಇಲಾಖೆಯ ಮೇಲೆ. ಠಾಣೆ, ವಾಹನ, ಉಪಕರಣ, ಸಿಬ್ಬಂದಿಯ ತರಬೇತಿ ಎಲ್ಲವೂ ಬೇಕಾದವೇ. ಎತ್ತರದ ಕಟ್ಟಡಗಳಿಗಾಗಿ 90 ಮೀಟರ್ ತಲುಪುವ ಏಣಿ ವಾಹನ 2023ರ ಆರಂಭದಲ್ಲಿ ರಾಜ್ಯದ ಅಗ್ನಿಶಾಮಕ ಇಲಾಖೆಗೆ ಸೇರಿದಾಗ ನಗರ ಹೆಮ್ಮೆಪಟ್ಟಿತು. ಆದರೆ ಲಾರಿಗಳು ಎರಡೂ ಬದಿ ನಿಂತಿರುವ ಕೈಗಾರಿಕಾ ಬಡಾವಣೆಯ ಅಡ್ಡರಸ್ತೆಯಲ್ಲಿ ಮೊದಲ ಹತ್ತು ನಿಮಿಷ ಕೆಲಸಕ್ಕೆ ಬರುವುದು ಏಣಿಯಲ್ಲ, ಅಲ್ಲೇ ಇರುವ ಮನುಷ್ಯ.

ಮೊದಲ ಹತ್ತು ನಿಮಿಷ

ನಗರ ಪ್ರದೇಶದಲ್ಲಿ 5ರಿಂದ 7 ನಿಮಿಷ, ಗ್ರಾಮೀಣ ಪ್ರದೇಶದಲ್ಲಿ 20 ನಿಮಿಷದೊಳಗೆ ಅಗ್ನಿಶಾಮಕ ವಾಹನ ತಲುಪಬೇಕು ಎಂಬುದು ಕೇಂದ್ರ ಗೃಹ ಸಚಿವಾಲಯಕ್ಕಾಗಿ ನಡೆದ ರಾಷ್ಟ್ರೀಯ ಅಧ್ಯಯನ ಸೂಚಿಸಿದ ಮಾನದಂಡ. ಸಂಜೆ ಆರರ ಹೊತ್ತಿಗೆ ಹೊರ ವರ್ತುಲ ರಸ್ತೆಯಲ್ಲೋ ತುಮಕೂರು ರಸ್ತೆಯಲ್ಲೋ ಸಿಕ್ಕಿಕೊಂಡ ಯಾರಿಗೂ ಈ ಅಂಕಿಗಳನ್ನು ವಿವರಿಸಬೇಕಾಗಿಲ್ಲ. ಪೀಣ್ಯದ ಮೇಲ್ಸೇತುವೆಯನ್ನೇ ನೋಡಿ. ಕೇಬಲ್ ದೋಷದಿಂದ 2021ರ ಡಿಸೆಂಬರ್‌ನಲ್ಲಿ ಮುಚ್ಚಿದ ಅದು ಭಾರಿ ವಾಹನಗಳಿಗೆ ಮತ್ತೆ ತೆರೆದದ್ದು 2024ರ ಜುಲೈ ಅಂತ್ಯಕ್ಕೆ. ಎರಡೂವರೆ ವರ್ಷ ಭಾರಿ ವಾಹನಗಳೆಲ್ಲ ಕೆಳಗಿನ ರಸ್ತೆಯಲ್ಲೇ ತೆವಳಿದವು.

2010ರ ಫೆಬ್ರವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತರು. ಹೊಗೆ ತಾಳಲಾರದೆ ಕಿಟಕಿಯಿಂದ ಜಿಗಿದವರೂ ಅವರಲ್ಲಿದ್ದರು. ಆ ದುರಂತದ ಬಳಿಕ ಹುಟ್ಟಿದ ‘ಬಿಯಾಂಡ್ ಕಾರ್ಲ್‌ಟನ್’ ನಾಗರಿಕ ಸಂಘಟನೆ ಅಂದಿನಿಂದ ಅಗ್ನಿ ಸುರಕ್ಷೆಯ ಕುರಿತು ಕೆಲಸ ಮಾಡುತ್ತಿದೆ. 2018ರ ಜನವರಿ 19ರಂದು ಬೆಳ್ಳಂದೂರು ಕೆರೆ ಹೊತ್ತಿ ಉರಿದಾಗ ಸೇನೆಯ ಎಎಸ್‌ಸಿ ಕೇಂದ್ರದಿಂದ ಸುಮಾರು 5,000 ಯೋಧರು ಇಳಿಯಬೇಕಾಯಿತು. ಐಟಿ ಕಂಪನಿಗಳ ನಡುವಿನ ಕೆರೆಯ ಪಕ್ಕದಲ್ಲಿ ಸೇನಾ ನೆಲೆಯಿದ್ದದ್ದು ಪುಣ್ಯ. ಪೀಣ್ಯದ ಪಕ್ಕದಲ್ಲೋ ಅತ್ತಿಬೆಲೆಯ ಪಕ್ಕದಲ್ಲೋ ಕರೆದ ತಕ್ಷಣ 5,000 ಜನ ಸಿಗುವುದಿಲ್ಲ.

ಹಾಗಾದರೆ ಸ್ವಯಂಸೇವಕರು ಇಲ್ಲವೇ? ಕಾಗದದ ಮೇಲೆ ಧಾರಾಳವಾಗಿದ್ದಾರೆ. 1962ರ ಗೃಹರಕ್ಷಕ ದಳ ಅಧಿನಿಯಮ ಇದೆ. 1968ರ ನಾಗರಿಕ ರಕ್ಷಣಾ ಅಧಿನಿಯಮಕ್ಕೆ 2009ರಲ್ಲಿ ವಿಪತ್ತು ನಿರ್ವಹಣೆಯ ಹೊಣೆಯನ್ನೂ ಸೇರಿಸಲಾಗಿದೆ. 2025ರ ಮೇ 7ರಂದು ದೇಶದಾದ್ಯಂತ ಅಣಕು ಕಾರ್ಯಾಚರಣೆ ನಡೆದಾಗ ಬೆಂಗಳೂರಿನ ನಾಗರಿಕ ರಕ್ಷಣಾ ಸ್ವಯಂಸೇವಕರನ್ನು ಅನೇಕರು ಮೊದಲ ಬಾರಿಗೆ ಕಂಡರು. 2016ರಲ್ಲಿ ಪ್ರಾಯೋಗಿಕವಾಗಿ ಆರಂಭವಾದ ‘ಆಪದ ಮಿತ್ರ’ ಯೋಜನೆಯನ್ನು 2021ರಲ್ಲಿ ವಿಸ್ತರಿಸಿ, 369.40 ಕೋಟಿ ರೂ. ವೆಚ್ಚದಲ್ಲಿ 350 ಜಿಲ್ಲೆಗಳ 1 ಲಕ್ಷ ಸ್ವಯಂಸೇವಕರಿಗೆ ತರಬೇತಿ ನೀಡುವ ಗುರಿ ಇಟ್ಟುಕೊಳ್ಳಲಾಯಿತು. ತರಬೇತಿಯ ಜತೆಗೆ ಉಪಕರಣದ ಚೀಲ, ವಿಮೆ ಎರಡೂ ಅದರಲ್ಲಿದ್ದವು. ಆದರೆ ಅದರ ಗಮನ ಮುಖ್ಯವಾಗಿ ಪ್ರವಾಹ, ಭೂಕುಸಿತ, ಚಂಡಮಾರುತ, ಭೂಕಂಪಗಳ ಕಡೆಗೆ. ದ್ರಾವಕದ ಪೀಪಾಯಿಗೆ ಹತ್ತಿದ ಬೆಂಕಿಗೆ ನೀರು ಹಾಕಬೇಕೋ ಬೇಡವೋ ಎಂಬುದು ಬೇರೆಯದೇ ಪಾಠ.

ನೆರೆಯ ಕೇರಳ ಇನ್ನೊಂದು ದಾರಿ ಹಿಡಿಯಿತು. 2018ರ ಪ್ರವಾಹದ ಪಾಠ ಕಲಿತು, 2019ರಲ್ಲಿ ತನ್ನ ಅಗ್ನಿಶಾಮಕ ಇಲಾಖೆಯಡಿಯಲ್ಲೇ ನಾಗರಿಕ ರಕ್ಷಣಾ ದಳ ಕಟ್ಟಲು ನಿರ್ಧರಿಸಿತು. ಪ್ರತಿ ಠಾಣೆಗೆ 50 ಜನರಂತೆ 124 ಠಾಣೆಗಳಿಗೆ 6,200 ಸ್ವಯಂಸೇವಕರು. ಕಾಸರಗೋಡಿನ ಕನ್ನಡಿಗನಿಗೆ ಇದು ಮನೆಯ ಹತ್ತಿರದ ಸಂಗತಿ. ಠಾಣೆಗೂ ಸ್ವಯಂಸೇವಕನಿಗೂ ನೇರ ನಂಟು ಇರುವುದೇ ಈ ಮಾದರಿಯ ಬಲ.

ಅಮೆರಿಕದ ಲೆಕ್ಕಾಚಾರ

ಸ್ವಯಂಸೇವಾ ಅಗ್ನಿಶಾಮಕ ದಳಗಳಿಗೆ ಸರಕಾರದ ಪಾಲು ಸೇರಿಸುವ ಪದ್ಧತಿ ಬೇರೂರಿರುವುದು ಅಮೆರಿಕದಲ್ಲಿ. ಅಲ್ಲಿನ ಅಗ್ನಿಶಾಮಕರಲ್ಲಿ ಬಹುಪಾಲು ಮಂದಿ ಸ್ವಯಂಸೇವಕರು. ಹತ್ತು ಸಾವಿರಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳ ದಳಗಳಿಗೆ ಅಲ್ಲಿನ ಅರಣ್ಯ ಸೇವೆ ರಾಜ್ಯಗಳ ಮೂಲಕ ಅರ್ಧದಷ್ಟು ವೆಚ್ಚ ಭರಿಸುತ್ತದೆ. ಉಳಿದರ್ಧ ಊರಿನದು. ವರ್ಜೀನಿಯಾ ರಾಜ್ಯದಲ್ಲಿ ವಾಹನ ನೋಂದಣಿಯ ಮೇಲಿನ ಸಣ್ಣ ಶುಲ್ಕದಿಂದ ರಕ್ಷಣಾ ದಳಗಳಿಗೆ ನಿಧಿ ಒದಗುತ್ತದೆ. ಸಾಮಾನ್ಯವಾಗಿ ಅರ್ಧಕ್ಕರ್ಧ, ಕಷ್ಟದಲ್ಲಿರುವ ದಳಕ್ಕೆ ಶೇ. 80ರಷ್ಟು ಸರಕಾರದ ಪಾಲು.

ಒಕ್ಕೂಟ ಸರಕಾರದ ಇನ್ನೊಂದು ಅನುದಾನದಲ್ಲಿ ಇಪ್ಪತ್ತು ಸಾವಿರದವರೆಗಿನ ಜನಸಂಖ್ಯೆಯ ಊರು ಅನುದಾನದ ಶೇ. 5ರಷ್ಟು ಮೊತ್ತ ತಂದರೆ ಸಾಕು. ಅಲ್ಲಿಂದ ಹತ್ತು ಲಕ್ಷದವರೆಗೆ ಶೇ. 10, ಅದಕ್ಕೂ ಮೇಲ್ಪಟ್ಟ ನಗರಗಳಿಗೆ ಶೇ. 15. ದಶಕಗಳ ಅನುಭವದಿಂದ ಅವರು ಕಂಡುಕೊಂಡ ಸತ್ಯ ಒಂದೇ: ಪಾಲಿನ ಷರತ್ತು ಜವಾಬ್ದಾರಿಯನ್ನು ತರುತ್ತದೆ, ನಿಜ. ಆದರೆ ಅದನ್ನು ಶಕ್ತಿಗೆ ತಕ್ಕಂತೆ ಇಳಿಸದಿದ್ದರೆ ಹಣ ಉಳ್ಳವನ ಮನೆಗೇ ನಡೆದುಹೋಗುತ್ತದೆ.

ಮೂರು ಲೋಕ, ಒಂದೇ ಅಳತೆ

ಎಲೆಕ್ಟ್ರಾನಿಕ್ ಸಿಟಿಯನ್ನು ನೋಡಿ. 1970ರ ದಶಕದಲ್ಲಿ ಕಿಯೋನಿಕ್ಸ್ ಕಟ್ಟಿದ ಈ ಬಡಾವಣೆಗೆ 2013ರಿಂದ ತನ್ನದೇ ಕೈಗಾರಿಕಾ ನಗರ ಪ್ರಾಧಿಕಾರ, ‘ಎಲ್‌ಸಿಟಾ’ ಇದೆ. ಅದು ಆಸ್ತಿ ತೆರಿಗೆ ಸಂಗ್ರಹಿಸುತ್ತದೆ, ಶೇ. 30ರಷ್ಟನ್ನು ಸುತ್ತಲಿನ ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟು ಉಳಿದುದನ್ನು ಬಡಾವಣೆಗೇ ಬಳಸುತ್ತದೆ. ನಾಳೆ ಸರಕಾರ ‘ಅರ್ಧ ನೀವು ಹಾಕಿ’ ಎಂದರೆ ಚೆಕ್ ಬರೆಯುವ ಶಕ್ತಿ ಇಲ್ಲಿದೆ.

ವೈಟ್‌ಫೀಲ್ಡ್‌ನ ಐಟಿಪಿಬಿ, ಇಪಿಐಪಿ ವಲಯಗಳಿಗೂ ಆ ಶಕ್ತಿ ಇದೆ. 2013ರ ಕಂಪನಿ ಕಾಯಿದೆಯ ಪ್ರಕಾರ 5 ಕೋಟಿ ರೂ. ನಿವ್ವಳ ಲಾಭ, ಅಥವಾ 1,000 ಕೋಟಿ ವಹಿವಾಟು, ಅಥವಾ 500 ಕೋಟಿ ನಿವ್ವಳ ಮೌಲ್ಯದ ಕಂಪನಿಗಳು ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವೆಚ್ಚ ಮಾಡಬೇಕು. 2019ರಲ್ಲಿ ವಿಪತ್ತು ನಿರ್ವಹಣೆಯೂ ಆ ಪಟ್ಟಿಗೆ ಸೇರಿದೆ. ಆದರೆ ಅದೇ ವೈಟ್‌ಫೀಲ್ಡ್‌ನ ಗಾಜಿನ ಗೋಪುರಗಳ ಹಿಂದೆ ಕಾಡುಗೋಡಿ, ಹೂಡಿಗಳ ಹಳೆಯ ಓಣಿಗಳಿವೆ, ಒಂದೇ ಮೆಟ್ಟಿಲಿನ ಪಿಜಿ ಕಟ್ಟಡಗಳಿವೆ. ಅವುಗಳ ಪರವಾಗಿ ಪಾಲು ಹಾಕುವವರು ಯಾರು?

ಪೀಣ್ಯದ ಕತೆ ಇನ್ನೂ ಬೇರೆ. ದೊಡ್ಡ ಕಾರ್ಖಾನೆಗಳಿದ್ದರೂ ಅದರ ಜೀವಾಳ ಸಣ್ಣ ಘಟಕಗಳು: ಲೇತ್ ಯಂತ್ರದ ಶೆಡ್, ಲೋಹಲೇಪನ, ಪೌಡರ್ ಕೋಟಿಂಗ್, ಗಾರ್ಮೆಂಟ್ಸ್. ದ್ರಾವಕ, ಆಮ್ಲ, ಅನಿಲ ಸಿಲಿಂಡರ್, ಬಟ್ಟೆ ಎಲ್ಲವೂ ಒಂದೇ ರಸ್ತೆಯಲ್ಲಿ. ಅಪಾಯ ಇಲ್ಲಿಯೇ ಹೆಚ್ಚು. ಹತ್ತಿಪ್ಪತ್ತು ಕೆಲಸಗಾರರ ಘಟಕಕ್ಕೆ ಕಂಪನಿ ಕಾಯಿದೆಯ ಆ ಲಾಭದ ಗಡಿ ಕನಸಿನ ಮಾತು. ಬಾಡಿಗೆ, ವಿದ್ಯುತ್ ಬಿಲ್, ಸಂಬಳ ಹೊಂದಿಸುವ ಮಾಲೀಕನಿಗೆ ‘ಸ್ವಯಂಸೇವಾ ದಳಕ್ಕೆ ನಿಮ್ಮ ಪಾಲು’ ಎಂದರೆ ಆತ ಕೈಮುಗಿದು ಕಳಿಸಿಯಾನು. ಆಗ ಅನುದಾನ ಎಲ್ಲಿಗೆ ಹೋಗುತ್ತದೆಂಬುದಕ್ಕೆ ಲೆಕ್ಕಿಗ ಬೇಕಿಲ್ಲ.

ಇರುವ ಕಾನೂನು, ಇಲ್ಲದ ಹಣ

ಹೊಸ ವ್ಯವಸ್ಥೆಯನ್ನೇ ಹುಟ್ಟುಹಾಕಬೇಕೆಂದಿಲ್ಲ. ಭೋಪಾಲ್ ದುರಂತದ ಪಾಠದಿಂದ ರೂಪುಗೊಂಡ ಕಾನೂನುಗಳ ಸಾಲಿನಲ್ಲಿ 1996ರ ರಾಸಾಯನಿಕ ಅವಘಡಗಳ ನಿಯಮಾವಳಿ ಇದೆ. ಕೇಂದ್ರ, ರಾಜ್ಯ, ಜಿಲ್ಲೆ ಮಾತ್ರವಲ್ಲದೆ ಅಪಾಯಕಾರಿ ರಾಸಾಯನಿಕ ಬಳಸುವ ಕೈಗಾರಿಕಾ ವಲಯಗಳ ಮಟ್ಟದಲ್ಲೂ ‘ಸ್ಥಳೀಯ ಬಿಕ್ಕಟ್ಟು ತಂಡ’ ಇರಬೇಕು, ಅದು ತಿಂಗಳಿಗೊಮ್ಮೆ ಸೇರಬೇಕು, ಆರು ತಿಂಗಳಿಗೊಮ್ಮೆ ಪೂರ್ಣ ಪ್ರಮಾಣದ ಅಣಕು ಕಾರ್ಯಾಚರಣೆ ನಡೆಸಬೇಕು ಎಂದು ಅದು ಹೇಳುತ್ತದೆ. ಸಭೆ ನಡೆಸಲು ಕಾನೂನು ಇದೆ. ಸಭೆಯಲ್ಲಿ ಕೂತವರ ಕೈಗೆ ನಳಿಕೆ, ಉಸಿರಾಟದ ಮುಖವಾಡ, ಸ್ಟ್ರೆಚರ್ ಕೊಡುವ ಹಣದ ದಾರಿ ಬೇಕಿದೆ. ಅನುದಾನವನ್ನು ಈ ತಂಡದ ಮೂಲಕ ಹರಿಸಿದರೆ ಅಗ್ನಿಶಾಮಕ ಠಾಣಾಧಿಕಾರಿಯ ಉಸ್ತುವಾರಿ ಸಹಜವಾಗಿಯೇ ಬರುತ್ತದೆ.

ಆಕ್ಷೇಪಗಳಿಲ್ಲದಿಲ್ಲ. ಅಗ್ನಿಶಾಮಕ ಸೇವೆ ಸರಕಾರದ ಕರ್ತವ್ಯ. ಸ್ವಯಂಸೇವೆಯ ಹೆಸರಿನಲ್ಲಿ ಅದನ್ನು ಜನರ ತಲೆಗೆ ಕಟ್ಟುವುದು ಹೊಣೆಯಿಂದ ನುಣುಚಿಕೊಳ್ಳುವ ಉಪಾಯ ಎಂಬ ವಾದದಲ್ಲಿ ಹುರುಳಿದೆ. ಸಂವಿಧಾನದ ಹನ್ನೆರಡನೇ ಅನುಸೂಚಿ ಅಗ್ನಿಶಾಮಕ ಸೇವೆಯನ್ನು ನಗರ ಸ್ಥಳೀಯ ಸಂಸ್ಥೆಗಳ ಕೆಲಸಗಳ ಪಟ್ಟಿಗೆ ಸೇರಿಸಿದೆ. ಕರ್ನಾಟಕದಲ್ಲಿ 1964ರ ಅಧಿನಿಯಮದಂತೆ ಅದು ರಾಜ್ಯ ಇಲಾಖೆಯ ಕೈಯಲ್ಲಿದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ನಗರಪಾಲಿಕೆಗಳು ಬಂದಿವೆ. ಹೀಗಿರುವಾಗ ಸ್ವಯಂಸೇವಕ ದಳಕ್ಕೆ ಪಾಲು ಹಾಕುವವರು ಪಾಲಿಕೆಯೋ ಇಲಾಖೆಯೋ ಎಂಬುದನ್ನು ಮೊದಲೇ ಬರೆದಿಡದಿದ್ದರೆ ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ತಿರುಗುತ್ತಲೇ ಇರುತ್ತದೆ. ಸ್ವಯಂಸೇವಕ ಠಾಣೆಗೆ ಪರ್ಯಾಯವಲ್ಲ. ಠಾಣೆಯ ವಾಹನ ಬರುವವರೆಗಿನ ಸೇತುವೆ ಮಾತ್ರ. ಈ ಗೆರೆಯನ್ನು ದಾಟಬಾರದು.

ಆದ್ದರಿಂದ ರಾಜ್ಯ ಸರಕಾರ ಇಂತಹ ಅನುದಾನವನ್ನು ರೂಪಿಸುವುದಾದರೆ ಮೂರು ಮಾತು ಅದರಲ್ಲಿರಬೇಕು. ಒಂದು, ಪಾಲಿನ ದರ ಶಕ್ತಿಗೆ ತಕ್ಕಂತಿರಲಿ: ತನ್ನದೇ ತೆರಿಗೆ ಇರುವ ಬಡಾವಣೆಗೆ ಅರ್ಧ, ಸಣ್ಣ ಘಟಕಗಳ ವಲಯಕ್ಕೂ ಅತ್ತಿಬೆಲೆಯಂತಹ ಪುಟ್ಟ ಪಟ್ಟಣಕ್ಕೂ ಹತ್ತರಲ್ಲಿ ಒಂದಂಶ. ಎರಡು, ಹಣವೊಂದೇ ಪಾಲಲ್ಲ. ಕಾರ್ಖಾನೆ ಬಿಟ್ಟುಕೊಟ್ಟ ಜಾಗ, ನೀರಿನ ತೊಟ್ಟಿ, ಕೆಲಸಗಾರನಿಗೆ ತರಬೇತಿಗಾಗಿ ಕೊಟ್ಟ ಸಂಬಳ ಸಹಿತ ರಜೆ ಇವೆಲ್ಲವೂ ಪಾಲಿನ ಲೆಕ್ಕಕ್ಕೆ ಸೇರಲಿ. ಮೂರು, ವಿಮೆ ಮೊದಲು, ಉಪಕರಣ ಆಮೇಲೆ. ಬೆಂಕಿಗೆ ನುಗ್ಗಿದ ಪೀಣ್ಯದ ಗುತ್ತಿಗೆ ಕಾರ್ಮಿಕ ಗಾಯಗೊಂಡರೆ ಆಸ್ಪತ್ರೆಯ ಬಿಲ್ಲು ಯಾರದೆಂಬುದು ತೀರ್ಮಾನವಾಗದೆ ಅವನ ಕೈಗೆ ನಳಿಕೆ ಕೊಡುವುದು ಅನ್ಯಾಯ.

ಬೆಂಕಿ ಬಿದ್ದಾಗ ಬಾವಿ ತೋಡುವ ಗಾದೆ ನಮ್ಮಲ್ಲಿ ಹಳತು. ಪಾಲು ಹಾಕಲು ಶಕ್ತಿಯಿರುವವನ ಹಿತ್ತಿಲಲ್ಲಿ ಮಾತ್ರ ಬಾವಿ ತೋಡುವ ಕ್ರಮವೂ ಅದಕ್ಕಿಂತ ಹೆಚ್ಚು ಜಾಣತನದ್ದಲ್ಲ. ಎಲೆಕ್ಟ್ರಾನಿಕ್ ಸಿಟಿಯಿಂದ ಅದೇ ಹೊಸೂರು ಹೆದ್ದಾರಿಯಲ್ಲಿ ಸ್ವಲ್ಪ ಮುಂದೆ ಹೋದರೆ ಅತ್ತಿಬೆಲೆ. ಆ ಎರಡು ಊರುಗಳ ನಡುವಿನ ದೂರವನ್ನು ಕಿಲೋಮೀಟರ್‌ಗಳಲ್ಲಿ ಅಳೆದರೆ ಅಗ್ನಿಶಾಮಕ ವಾಹನ ಬೇಗ ಮುಟ್ಟೀತು. ಅನುದಾನದ ಷರತ್ತುಗಳಲ್ಲಿ ಅಳೆದರೆ ಅದು ಇನ್ನೂ ಬಹು ದೂರವೇ ಇದೆ.