ಎಳೆ ಎಳೆಯುವ ಕೈಗಳು



ಶಾವಿಗೆ ಎಂದೊಡನೆ ನಮಗೆ ನೆನಪಾಗುವುದು ಶಾವಿಗೆ ಒರಳು. ಬೆಂದ ಹಿಟ್ಟಿನ ಉಂಡೆಯನ್ನು ಒಳಗಿಟ್ಟು ಬಲವಾಗಿ ಒತ್ತಿದರೆ ಎಳೆಗಳು ಕೆಳಗಿಳಿಯುತ್ತವೆ. ಆದರೆ ಒರಳೂ ಇಲ್ಲದೆ, ಚಾಕುವೂ ಇಲ್ಲದೆ, ಬರಿಗೈಯಿಂದಲೇ ಗೋಧಿ ಹಿಟ್ಟನ್ನು ಎಳೆದು ನೂಡಲ್ಸ್ ಮಾಡುವವರಿದ್ದಾರೆ. ವಾಯವ್ಯ ಚೀನಾದಲ್ಲಿ, ಹಳದಿ ನದಿಯ ದಂಡೆಯಲ್ಲಿರುವ ಲಾಂಝೌ ನಗರ ಇದಕ್ಕೆ ಹೆಸರುವಾಸಿ. ದನದ ಮಾಂಸದ ಸಾರಿನಲ್ಲಿ ಬಡಿಸುವ ಈ ನೂಡಲ್ಸ್ ಅಲ್ಲಿಯವರಿಗೆ ಬೆಳಗಿನ ಉಪಾಹಾರ. ಹೊರಗಿನವರು ಇದನ್ನು 'ಲಾಂಝೌ ಲಾಮಿಯನ್' ಎನ್ನುತ್ತಾರೆ. 'ಲಾ' ಎಂದರೆ ಎಳೆಯುವುದು.

ಅಂಗಡಿ ಬಹಳ ಸರಳ. ನಾಲ್ಕಾರು ಮೇಜು, ಕುದಿಯುವ ದೊಡ್ಡ ಹಂಡೆ, ಎದುರಿಗೇ ಹಿಟ್ಟು ಎಳೆಯುವ ಬಾಣಸಿಗ. ಕೂದಲಿನಷ್ಟು ಸಪೂರವೋ, ಪಟ್ಟಿಯಂತೆ ಅಗಲವೋ ಎಂದು ಹೇಳಿದರೆ ಸಾಕು. ಆತ ಹಿಟ್ಟಿನ ಹುರಿಯನ್ನು ತೋಳಗಲ ಎಳೆದು ಮಡಚುತ್ತಾನೆ. ಒಂದು ಎಳೆ ಎರಡಾಗುತ್ತದೆ, ಎರಡು ನಾಲ್ಕು, ನಾಲ್ಕು ಎಂಟು. ಏಳನೆಯ ಮಡಿಕೆಗೆ 128, ಎಂಟನೆಯದಕ್ಕೆ 256! ಕೆಲವೇ ನಿಮಿಷಗಳಲ್ಲಿ ಬಟ್ಟಲು ನಿಮ್ಮ ಮುಂದೆ. ತಿಳಿಸಾರು, ಬಿಳಿ ಮೂಲಂಗಿ, ಕೆಂಪು ಮೆಣಸಿನ ಎಣ್ಣೆ, ಹಸಿರು ಸೊಪ್ಪು, ಹಳದಿ ನೂಡಲ್ಸ್: ಈ ಐದೂ ಇರಬೇಕೆಂಬುದು ಅಲ್ಲಿಯ ನಿಯಮ.

ಹಿಟ್ಟು ಹರಿಯದೆ ಹಿಗ್ಗುವುದು ಹೇಗೆ? ಹಿಂದಿನವರು ಒಣಭೂಮಿಯ ಒಂದು ಗಿಡವನ್ನು ಸುಟ್ಟು, ಅದರ ಬೂದಿಯ ಕ್ಷಾರವನ್ನು ಹಿಟ್ಟಿಗೆ ಬೆರೆಸುತ್ತಿದ್ದರು. ಹಪ್ಪಳದ ಹಿಟ್ಟಿಗೆ ನಮ್ಮ ಅಜ್ಜಿಯಂದಿರು ಹಾಕುವ ಖಾರವೂ ಇಂಥದೇ. ಅದಕ್ಕಿಂತ ಮುಖ್ಯವಾದದ್ದು, ಚೆನ್ನಾಗಿ ನಾದಿದ ಹಿಟ್ಟನ್ನು ಸುಮ್ಮನೆ ಇರಲು ಬಿಡುವುದು. ಅವಸರ ಮಾಡಿದರೆ ಎಳೆ ತುಂಡಾಗುತ್ತದೆ.

ಮಾ ಬಾವೋಝಿ ಎಂಬ ಹುಯಿ ಮುಸಲ್ಮಾನರು 1915ರಲ್ಲಿ ಲಾಂಝೌನಲ್ಲಿ ಇದನ್ನು ಮಾರತೊಡಗಿದರೆಂದು ಹೇಳುತ್ತಾರೆ. ಇಂದಿಗೂ ಹೆಚ್ಚಿನ ಅಂಗಡಿಗಳು ಹುಯಿ ಜನರವೇ. ಹಂದಿಮಾಂಸ ಅಲ್ಲಿ ಬೇಯುವುದಿಲ್ಲ. ತಮ್ಮ ಧರ್ಮದ ನೇಮವನ್ನು ಬಿಡದೆಯೇ ಅವರು ಎಲ್ಲ ಧರ್ಮದವರ ಹಸಿವನ್ನೂ ತಣಿಸುತ್ತಾರೆ.

ಇನ್ನೊಂದು ವಿಷಯ ಕೇಳಿ. ಚೀನಾದ ದೂರದ ಪೇಟೆಗಳಲ್ಲಿ 'ಲಾಂಝೌ' ಎಂದು ಬೋರ್ಡು ಹಾಕಿಕೊಂಡ ಅನೇಕ ಅಂಗಡಿಗಳ ಯಜಮಾನರು ಲಾಂಝೌದವರೇ ಅಲ್ಲ! ಅವರು ಪಕ್ಕದ ಚಿಂಗ್‌ಹಾಯ್ ಪ್ರಾಂತ್ಯದ ಹುವಾಲೊಂಗ್ ಎಂಬ ಗುಡ್ಡಗಾಡು ಜಿಲ್ಲೆಯ ಬಡ ರೈತರು. 1980ರ ದಶಕದ ಕೊನೆಯಿಂದ ಅವರು ಗುಂಪುಗುಂಪಾಗಿ ಊರು ಬಿಟ್ಟು, ಸಾಲ ಮಾಡಿ ಅಂಗಡಿ ತೆರೆದರು. ಗಂಡ ಹಿಟ್ಟು ಎಳೆದರೆ ಹೆಂಡತಿ ಬಡಿಸುತ್ತಾಳೆ. ಊರಿಂದ ಬಂದ ನೆಂಟರ ಹುಡುಗ ಮೇಜು ಒರೆಸುತ್ತಾ ಕೆಲಸ ಕಲಿಯುತ್ತಾನೆ, ಮುಂದೆ ತನ್ನದೇ ಅಂಗಡಿ ಇಡುತ್ತಾನೆ. ಹೀಗೆ ಎಷ್ಟೋ ಮನೆಗಳು ಬಡತನದಿಂದ ಮೇಲೆದ್ದವು. ಆದರೆ ಎಷ್ಟೋ ಮಕ್ಕಳು ಅಪ್ಪ ಅಮ್ಮನಿಲ್ಲದೆ ಅಜ್ಜ ಅಜ್ಜಿಯರ ಬಳಿ ಬೆಳೆದರು. ಆ ಅಗ್ಗದ ಬಟ್ಟಲಿನ ನಿಜವಾದ ಬೆಲೆಯಲ್ಲಿ ಇದೂ ಸೇರಿದೆ.

ತಿನ್ನುವವರಿಗೆ ಮಾತ್ರ ಕಾಣುವುದು ಬೋರ್ಡಿನ ಮೇಲಿನ ಬೆಲೆ. 2007ರಲ್ಲಿ ಮಾಂಸ, ಹಿಟ್ಟುಗಳ ಬೆಲೆಯೇರಿ ನೂಡಲ್ಸ್ ತುಟ್ಟಿಯಾದಾಗ ಲಾಂಝೌನಲ್ಲಿ ದೊಡ್ಡ ಗುಲ್ಲೆದ್ದಿತು. ಸಾಮಾನ್ಯ ಅಂಗಡಿಗಳಲ್ಲಿ ದೊಡ್ಡ ಬಟ್ಟಲಿಗೆ 2.50 ಯುವಾನ್ ಮೀರಬಾರದೆಂದು ನಗರದ ಅಧಿಕಾರಿಗಳು ಆಜ್ಞೆ ಹೊರಡಿಸಿದರು. ಬಡವನ ಊಟ ಅವನ ಕೈಗೆ ಎಟಕಬೇಕು, ನಿಜ. ಆದರೆ ಹಿಟ್ಟು ಎಳೆಯುವವನೂ ಬಡವನೇ ಅಲ್ಲವೇ?

ಮಕ್ಕಳನ್ನು ಕರೆದುಕೊಂಡು ನಾವೂ ಚಿಕ್ಕಪುಟ್ಟ ಹೋಟೆಲುಗಳಿಗೆ ಹೋಗುತ್ತೇವೆ. ತಡವಾಯಿತೆಂದು ರೇಗುವ ಮೊದಲು, ಮೇಜು ಒರೆಸುವ ಹುಡುಗನ ಹೆಸರು ಕೇಳೋಣ. ಅವನ ಊರು ಯಾವುದು, ಮನೆಗೆ ಹೋಗಿ ಎಷ್ಟು ದಿನವಾಯಿತು ಎಂದು ವಿಚಾರಿಸೋಣ. ನಮ್ಮ ಮಕ್ಕಳೂ ಅದನ್ನು ಕೇಳಿಸಿಕೊಳ್ಳಲಿ.