ಸಂಶೋಧನೆಯ ಫಲ ಮುದ್ದೆಯ ತಟ್ಟೆಗೂ ತಲುಪಲಿ

ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 1963ರಲ್ಲಿ ಸ್ಥಾಪಿಸಿದ ಬೆಂಗಳೂರಿನ ಸಂತ ಯೋಹಾನರ ವೈದ್ಯಕೀಯ ಮಹಾವಿದ್ಯಾಲಯವೆಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಅಲ್ಲಿನ ಆಸ್ಪತ್ರೆ. ಅದು ಸಹಜವೇ. ಆದರೆ ಅದೇ ಆವರಣದಲ್ಲಿ ಸದ್ದಿಲ್ಲದೆ ದಶಕಗಳಿಂದ ನಡೆದು ಬಂದಿರುವ ಮತ್ತೊಂದು ಕಾರ್ಯವನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಬಡವನು ಏನು ಉಣ್ಣುತ್ತಾನೆ, ಉಂಡದ್ದು ಅವನ ದೇಹಕ್ಕೆ ಸಾಲುತ್ತದೆಯೇ ಎಂಬ ಪ್ರಶ್ನೆಯ ಬೆನ್ನು ಹತ್ತಿದ ಸಂಶೋಧನೆಯದು.

ಅಲ್ಲಿ ಶರೀರಕ್ರಿಯಾ ವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಡಾ. ಪ್ರಕಾಶ್ ಶೆಟ್ಟಿಯವರು ಮುಂದೆ ಲಂಡನ್ನಿಗೂ, ರೋಮಿನ ಆಹಾರ ಮತ್ತು ಕೃಷಿ ಸಂಸ್ಥೆಗೂ ಹೋದವರು. ದೇಹದ ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ ಬರುವ ಸೂಚಿಯಿಂದ ವಯಸ್ಕರ ದೀರ್ಘಕಾಲದ ಹಸಿವನ್ನು ಅಳೆಯುವ ಬಗೆಯನ್ನು ಅವರು ಜೇಮ್ಸ್ ಅವರೊಡನೆ 1994ರಲ್ಲಿ ಆ ಸಂಸ್ಥೆಗಾಗಿ ಗ್ರಂಥರೂಪದಲ್ಲಿ ವಿವರಿಸಿದರು. 18.5ಕ್ಕಿಂತ ಕೆಳಗಿಳಿದವನು ಕೃಶನೆಂಬ ಗಡಿಯನ್ನು ಇಂದು ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯೂ ಬಲ್ಲಳು.

ಅದೇ ಸಂಸ್ಥೆಯ ಡಾ. ಅನುರಾ ಕುರ್ಪಾಡ್ ಅವರ ಕಾರ್ಯವನ್ನು ಇಲ್ಲಿ ತುಸು ವಿಸ್ತಾರವಾಗಿಯೇ ಹೇಳಬೇಕೆನಿಸುತ್ತದೆ. ಲೈಸಿನ್ ಎಂಬುದು ಪ್ರೋಟೀನಿನ ಒಂದು ಅಂಶ. ದೇಹ ಅದನ್ನು ತಾನೇ ತಯಾರಿಸಿಕೊಳ್ಳಲಾರದು, ಅನ್ನದಿಂದಲೇ ಪಡೆಯಬೇಕು. ವಯಸ್ಕನಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 12 ಮಿಲಿಗ್ರಾಂ ಸಾಕೆಂದು 1985ರ ಅಂತರರಾಷ್ಟ್ರೀಯ ವರದಿ ಹೇಳಿತ್ತು. ಕುರ್ಪಾಡ್ ಮತ್ತು ಅವರ ಸಂಗಡಿಗರು ಭಾರತೀಯ ಸ್ವಯಂಸೇವಕರಿಗೆ ವಿಕಿರಣರಹಿತವಾದ ಗುರುತಿನ ಇಂಗಾಲವುಳ್ಳ ಆಹಾರಾಂಶವನ್ನು ಕೊಟ್ಟು, ಹಗಲಿರುಳು 24 ಗಂಟೆ ಅವರ ಉಸಿರನ್ನು ಸಂಗ್ರಹಿಸಿ ಅಳೆದರು. ಲೈಸಿನ್ ಕೊರತೆಯಾದರೆ ಉಳಿದ ಅಂಶಗಳು ದೇಹಕಟ್ಟಡಕ್ಕೆ ಒದಗದೆ ಉರಿದು ಉಸಿರಿನಲ್ಲಿ ಹೊರಬೀಳುತ್ತವೆ ಎಂಬುದೇ ಈ ಅಳತೆಯ ಮರ್ಮ. ಅಗತ್ಯವು 30 ಮಿಲಿಗ್ರಾಂ ಎಂಬುದು ಗೊತ್ತಾಯಿತು. 2007ರ ವಿಶ್ವಸಂಸ್ಥೆಯ ವರದಿ ಅದನ್ನೇ ಅಂಗೀಕರಿಸಿತು. 50 ಕಿಲೋ ತೂಗುವ ಕೂಲಿಕಾರನ ಲೆಕ್ಕದಲ್ಲಿ ಹೇಳುವುದಾದರೆ, 600 ಮಿಲಿಗ್ರಾಂ ಸಾಕೆಂದಿದ್ದವನಿಗೆ ವಾಸ್ತವವಾಗಿ ಬೇಕಿದ್ದುದು 1500. ಅಲ್ಪಪೋಷಿತರಲ್ಲಿ ಈ ಅಗತ್ಯ ಇನ್ನೂ ಹೆಚ್ಚು. ಕರುಳಿನ ಪರೋಪಜೀವಿಗಳಿಗೆ ಔಷಧಿ ಕೊಟ್ಟ ಮೇಲೆ ಅದು ಇಳಿಯಿತೆಂಬುದೂ ಅವರದೇ ಶೋಧ. ಶೌಚಾಲಯಕ್ಕೂ ಊಟದ ತಟ್ಟೆಗೂ ಇಷ್ಟು ನಿಕಟ ನಂಟಿದೆಯೆಂದು ಯಾರು ಎಣಿಸಿದ್ದರು?

ಗೌರಸಮುದ್ರಕ್ಕೆ ಈ ಅಂಕಿಗಳಿಂದ ಆಗಬೇಕಾದ್ದೇನು ಎಂದು ವಾಚಕರು ಕೇಳಬಹುದು. ಮಳೆ ಕಡಿಮೆಯ ಈ ಸೀಮೆಯ ಬೆಳೆ ಶೇಂಗಾ, ಆಹಾರ ರಾಗಿ. ಎರಡರಲ್ಲೂ ಲೈಸಿನ್ ಕಡಿಮೆ; ಹುರುಳಿ, ತೊಗರಿಗಳಲ್ಲಿ ಅದು ಧಾರಾಳ. ಮುದ್ದೆಗೆ ಹುರುಳಿಸಾರು ಎಂಬ ಹಿರಿಯರ ಜೋಡಿ ಎಷ್ಟು ಸಮಂಜಸವೆಂಬುದು ಇದರಿಂದ ತಿಳಿಯುತ್ತದೆ. ಬೇಳೆಯ ಬೆಲೆ ಏರಿದಾಗ ಬಡವನ ಸಾರು ತೆಳುವಾಗುತ್ತದೆ. ಮುದ್ದೆಯ ಗಾತ್ರ ಮಾತ್ರ ಹಾಗೆಯೇ ಇರುತ್ತದೆ. ಹೊಟ್ಟೆ ತುಂಬಿದವನಂತೆ ಕಂಡರೂ ಅವನು ಅರೆಹೊಟ್ಟೆಯವನೇ. ಪಡಿತರದಲ್ಲಿ ಧಾನ್ಯದ ತೂಕವನ್ನಷ್ಟೇ ಹೆಚ್ಚಿಸುವುದು ಸಾಲದು, ಬೇಳೆಯೂ ನಿಯತವಾಗಿ ಬರಬೇಕು ಎಂದು ನಾವು ಒತ್ತಾಯಿಸುವುದು ಈ ಆಧಾರದ ಮೇಲೆಯೇ.

ಇನ್ನೊಂದು ಮಗ್ಗುಲೂ ಇದೆ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ಕುಂಠಿತ ಬೆಳವಣಿಗೆಯವರು. ಅದೇ ವೇಳೆ ಮಹಿಳೆಯರಲ್ಲಿ ಶೇ. 30.1 ಮಂದಿ ಅಧಿಕ ತೂಕದವರು ಅಥವಾ ಬೊಜ್ಜಿನವರು. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ಇಬ್ಬರದೂ ದೇಹಸೂಚಿ 22.3, ಕೊಬ್ಬು ಮಾತ್ರ ಯಾಜ್ಞಿಕರಲ್ಲಿ ಶೇ. 21.2, ಯುಡ್ಕಿನ್ನರಲ್ಲಿ ಶೇ. 9.1! 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇವರು ತಮ್ಮ ಚಿತ್ರವನ್ನೇ ಪ್ರಕಟಿಸಿ ಭಾರತೀಯರ ಈ ಗುಪ್ತ ಬೊಜ್ಜನ್ನು ಲೋಕಕ್ಕೆ ತೋರಿಸಿಕೊಟ್ಟರು. ತೆಳ್ಳಗಿದ್ದೇನೆಂಬ ನೆಮ್ಮದಿ ನಮ್ಮ ಜನಕ್ಕೆ ಸಲ್ಲದು.

ಔಷಧ ಪ್ರಯೋಗಗಳ ಕ್ಷೇತ್ರದಲ್ಲಿ ಡಾ. ಪ್ರೇಮ್ ಪಾಯ್ಸ್ ಹಾಗೂ ಡಾ. ಡೆನಿಸ್ ಜೇವಿಯರ್ ಅವರ ಸೇವೆ ಸ್ಮರಣೀಯ. ಐದು ಔಷಧಗಳನ್ನು ಒಂದೇ ಗುಳಿಗೆಯಲ್ಲಿಟ್ಟು 2,053 ಜನರಲ್ಲಿ ಪರೀಕ್ಷಿಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ನಮ್ಮನ್ನು ಹೆಚ್ಚು ಕಲಕಿದ್ದು ಅದಕ್ಕೆ ಹಿಂದಿನ ವರ್ಷ ಪ್ರಕಟವಾದ ಹೃದ್ರೋಗಿಗಳ ದಾಖಲೆ. ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ರೋಗಿಗಳಲ್ಲಿ ಬಡವರು ಮೂವತ್ತು ದಿನಗಳೊಳಗೆ ಸತ್ತ ಪ್ರಮಾಣ ಶೇ. 8.2, ಶ್ರೀಮಂತರದು ಶೇ. 5.5. ಅವರಿಗೆ ದೊರೆತ ಚಿಕಿತ್ಸೆಯ ವ್ಯತ್ಯಾಸವನ್ನು ಲೆಕ್ಕದಲ್ಲಿ ಸರಿದೂಗಿಸಿದಾಗ ಈ ಅಂತರವೇ ಮಾಯವಾಯಿತು. ಅಂದರೆ ಬಡವನ ಹೃದಯ ದುರ್ಬಲವಲ್ಲ, ಅವನಿಗೆ ಮದ್ದು ಸಿಗಲಿಲ್ಲ.

ಇಂಥ ಸಂಶೋಧಕನ ಬಾಳು ಹಣ ತರುವಂಥದಲ್ಲ. ವೈದ್ಯನಾದ ಮಗ ದವಾಖಾನೆ ತೆರೆಯದೆ ಪ್ರಯೋಗಾಲಯ ಸೇರುತ್ತೇನೆಂದರೆ ಮನೆಯವರ ಮುಖ ಬಾಡುತ್ತದೆ. ನಮ್ಮ ವಿದ್ಯಾರ್ಥಿವೇತನಗಳೂ ಪದವಿಯವರೆಗೆ ಮಾತ್ರ. ಆ ಬಳಿಕದ ಹತ್ತು ವರ್ಷಗಳ ದುಡಿಮೆಗೆ ಸಮುದಾಯದ ಬೆಂಬಲವಿಲ್ಲ. ಶೋಧಗಳೋ ಆಂಗ್ಲ ಪತ್ರಿಕೆಗಳಲ್ಲಿ ಅಡಗಿವೆ. ಸಂತ ಯೋಹಾನರ ಪದವೀಧರರು ಹಿಂದುಳಿದ ಪ್ರದೇಶಗಳಲ್ಲಿ ಎರಡು ವರ್ಷ ಸೇವೆ ಸಲ್ಲಿಸುವ ಪರಿಪಾಠವುಂಟು. ಅವರು ಹೋಗುವ ಹಳ್ಳಿಗಳಿಗೆ ಈ ಜ್ಞಾನವನ್ನು ಸರಳ ಕನ್ನಡದ ಕರಪತ್ರವಾಗಿ ಏಕೆ ಒಯ್ಯಬಾರದು? ಧರ್ಮಕೇಂದ್ರಗಳ ಆರೋಗ್ಯ ಸಮಿತಿಗಳಿಗೆ ತೂಕದ ಯಂತ್ರವೊಂದು, ಅಳತೆಯ ಟೇಪೊಂದು ದುಬಾರಿಯೇನಲ್ಲ. ಏಷ್ಯದವರಿಗೆ 25ರ ಬದಲು 23ರಿಂದಲೇ ಎಚ್ಚರಿಕೆ ಬೇಕೆಂದು ತಜ್ಞರು 2004ರಲ್ಲೇ ಹೇಳಿದ್ದಾರೆ. ಸೊಂಟದ ಸುತ್ತಳತೆ ಪುರುಷರಿಗೆ 90, ಸ್ತ್ರೀಯರಿಗೆ 80 ಸೆಂಟಿಮೀಟರ್ ಮೀರಿದರೆ ರಕ್ತದ ಸಕ್ಕರೆ ಮತ್ತು ಒತ್ತಡವನ್ನು ಪರೀಕ್ಷಿಸಿಕೊಳ್ಳುವುದು ಒಳಿತು.